‘ಝೀನತ್’ ಎಂದರೆ ದೇಹವೇ? ಆಧುನಿಕ ವ್ಯಾಖ್ಯಾನವೊಂದರ ಪದಪರೀಕ್ಷೆ

ಪವಿತ್ರ ಕುರ್‌ಆನ್ ಮಹಿಳೆಗೆ ತಲೆ ಮುಚ್ಚಿಕೊಳ್ಳಲು ಹೇಳಿಯೇ ಇಲ್ಲ. ಎದೆ, ಕಂಕುಳು, ಗುಪ್ತಾಂಗಗಳನ್ನು ಮರೆಸಿದರೆ ಸೂರಃ ಅನ್ನೂರ್‌ನ ಆದೇಶ ಪಾಲನೆಯಾದಂತೆಯೇ. ಉಳಿದುದೆಲ್ಲ ಅರಬರ ಲೋಕಾಚಾರ. ಕಾಲೇಜಿಗೆ ಹೋಗುವ ನಮ್ಮ ಮಕ್ಕಳು ಈ ವಾದವನ್ನು ಒಂದಲ್ಲ ಒಂದು ರೂಪದಲ್ಲಿ ಕೇಳಿಯೇ ಇರುತ್ತಾರೆ. ಹೇಳುವವರು ಅದನ್ನು ತಮ್ಮ ಸ್ವಂತ ಚಿಂತನೆಯೆಂಬಂತೆ ಹೇಳುತ್ತಾರೆ. ಕೇಳಿದವರು ಮನೆಗೆ ಬಂದು ತಂದೆತಾಯಿಯರನ್ನು ಪ್ರಶ್ನಿಸಿದರೆ, ಹೆಚ್ಚಿನ ಮನೆಗಳಲ್ಲಿ ಸಿಗುವ ಉತ್ತರ ಗದರಿಕೆ ಮಾತ್ರ. ಗದರಿಕೆಯಿಂದ ವಾದವೊಂದು ಬಿದ್ದುಹೋದ ನಿದರ್ಶನ ಇತಿಹಾಸದಲ್ಲಿ ಇಲ್ಲ. ಆದ್ದರಿಂದ ಆ ವಾದದ ಬುಡವನ್ನೇ ಪರೀಕ್ಷಿಸೋಣ.

ಅದರ ಮೂಲಪುರುಷ ಸಿರಿಯಾದ ಮುಹಮ್ಮದ್ ಶಹ್ರೂರ್. 1938ರಲ್ಲಿ ದಮಸ್ಕಸ್‌ನಲ್ಲಿ ಹುಟ್ಟಿ 2019ರಲ್ಲಿ ನಿಧನರಾದ ಇವರು ವೃತ್ತಿಯಿಂದ ಸಿವಿಲ್ ಇಂಜಿನಿಯರ್. ಮಾಸ್ಕೋ ಮತ್ತು ಡಬ್ಲಿನ್‌ಗಳಲ್ಲಿ ಓದಿದವರು, ಮಣ್ಣಿನ ಬಲ ಹಾಗೂ ಕಟ್ಟಡಗಳ ಅಡಿಪಾಯದ ಶಾಸ್ತ್ರದಲ್ಲಿ ಪರಿಣತರು. 1990ರಲ್ಲಿ ಅವರ ‘ಅಲ್‌ಕಿತಾಬ್ ವಲ್ ಕುರ್‌ಆನ್: ಸಮಕಾಲೀನ ಓದು’ ಎಂಬ ಬೃಹತ್ ಗ್ರಂಥ ಪ್ರಕಟವಾಯಿತು. ಅರಬ್ ಜಗತ್ತಿನಲ್ಲಿ ಅದು ಎಬ್ಬಿಸಿದ ಗದ್ದಲ ಚಿಕ್ಕದಲ್ಲ. ಅದನ್ನು ಖಂಡಿಸಿ ಪುಸ್ತಕಗಳ ಮೇಲೆ ಪುಸ್ತಕಗಳು ಬಂದವು. ಇಂಜಿನಿಯರ್‌ಗೆ ತಫ್ಸೀರ್‌ನ ಗೊಡವೆ ಏಕೆ ಎಂದು ಕೇಳಿ ಅವರನ್ನು ಬದಿಗೆ ತಳ್ಳಿದವರೂ ಉಂಟು. ಅದು ದುರ್ಬಲವಾದ ಆಕ್ಷೇಪ. ಅರಬೀ ವ್ಯಾಕರಣದ ಪಿತಾಮಹ ಸೀಬವೈಹಿ ಪಾರ್ಸಿ ಮನೆತನದವರು. ‘ಅಲ್‌ಕಶ್ಶಾಫ್’ ಬರೆದ ಝಮಖ್ಶರೀ ಖ್ವಾರಝ್ಮ್‌ನವರು. ಯಾರು ಹೇಳಿದರು ಎಂಬುದು ಇಲ್ಲಿ ಮುಖ್ಯವಲ್ಲ, ಹೇಳಿದ್ದು ನಿಲ್ಲುತ್ತದೆಯೇ ಎಂಬುದು ಮುಖ್ಯ.

ಶಹ್ರೂರ್ ತಮ್ಮ ಓದಿಗೆ ಎರಡು ನಿಯಮಗಳನ್ನು ಹಾಕಿಕೊಂಡರು. ಪವಿತ್ರ ಕುರ್‌ಆನಿನಲ್ಲಿ ಸಮಾನಾರ್ಥಕ ಪದಗಳೇ ಇಲ್ಲ, ಪ್ರತಿಯೊಂದು ಪದಕ್ಕೂ ಅದರದೇ ಆದ ಅರ್ಥವಿದೆ ಎಂಬುದು ಮೊದಲನೆಯದು. ಒಂದು ವಿಷಯದ ಬಗ್ಗೆ ಬಂದಿರುವ ಎಲ್ಲ ಸೂಕ್ತಗಳನ್ನೂ ಒಟ್ಟಿಗೆ ಸಾಲಾಗಿ ಇರಿಸಿಕೊಂಡು ಓದಬೇಕು ಎಂಬುದು ಎರಡನೆಯದು. ಎರಡನೆಯ ನಿಯಮಕ್ಕೆ ನಮ್ಮ ತಕರಾರೇನೂ ಇಲ್ಲ. ಕುರ್‌ಆನನ್ನು ಕುರ್‌ಆನಿನಿಂದಲೇ ವ್ಯಾಖ್ಯಾನಿಸುವುದು ಅತ್ಯುತ್ತಮ ಮಾರ್ಗವೆಂದು ಇಬ್ನು ತೈಮಿಯ್ಯಾ, ಇಬ್ನು ಕಸೀರ್ ಮುಂತಾದವರೂ ಹೇಳಿದ್ದಾರೆ. ಅವರು ಒಪ್ಪಿದ ನಿಯಮದಿಂದಲೇ ಅವರ ತೀರ್ಮಾನವನ್ನು ಅಳೆಯಬಹುದಾದ್ದರಿಂದ ನಮ್ಮ ಕೆಲಸ ಹಗುರವಾಗಿದೆ.

ಸೂರಃ ಅನ್ನೂರ್‌ನ 31ನೆಯ ಸೂಕ್ತದಲ್ಲಿ, ಸತ್ಯವಿಶ್ವಾಸಿನಿಯರು ತಮ್ಮ ಝೀನತ್ತನ್ನು ತಾನಾಗಿ ಪ್ರಕಟವಾಗುವುದರ ಹೊರತು ತೋರ್ಪಡಿಸಬಾರದು, ತಮ್ಮ ಖಿಮಾರ್‌ಗಳನ್ನು ಜೈಬ್‌ಗಳ ಮೇಲೆ ಹಾಕಿಕೊಳ್ಳಬೇಕು ಎಂಬ ಆದೇಶವಿದೆ. ಶಹ್ರೂರ್ ಪ್ರಕಾರ ಝೀನತ್ತಿನಲ್ಲಿ ವಸ್ತುರೂಪದ್ದು, ಸ್ಥಳರೂಪದ್ದು, ಎರಡೂ ಕೂಡಿದ್ದು ಎಂಬ ಬಗೆಗಳಿವೆ. ಈ ಸೂಕ್ತದಲ್ಲಿರುವುದು ಒಡವೆಯೂ ಅಲ್ಲ, ಉಡುಪೂ ಅಲ್ಲ; ಸ್ಥಳರೂಪದ ಝೀನತ್, ಅರ್ಥಾತ್ ಸ್ತ್ರೀದೇಹವೇ. ಆ ದೇಹದಲ್ಲಿ ಸೃಷ್ಟಿಯಿಂದಲೇ ಪ್ರಕಟವಾಗಿರುವ ಭಾಗಗಳುಂಟು: ತಲೆ, ಬೆನ್ನು, ಹೊಟ್ಟೆ, ತೋಳು, ಕಾಲು. ಸೃಷ್ಟಿಯಿಂದಲೇ ಅಡಗಿರುವ ಭಾಗಗಳೂ ಉಂಟು. ಅವನ್ನೇ ಸೂಕ್ತವು ಜುಯೂಬ್ ಎಂದು ಕರೆದಿದೆ. ಎರಡು ಪದರಗಳ ನಡುವಣ ಎಡೆಗಳಾದ ಸ್ತನಮಧ್ಯ, ಸ್ತನಗಳ ಕೆಳಭಾಗ, ಕಂಕುಳು, ಗುಪ್ತಾಂಗ, ಪೃಷ್ಠ. ಇವಿಷ್ಟನ್ನು ಮುಚ್ಚುವುದು ಅಲ್ಲಾಹನು ನಿಗದಿಪಡಿಸಿದ ಕನಿಷ್ಠ ಮಿತಿ. ಮುಖ ಮತ್ತು ಮುಂಗೈ ಬಿಟ್ಟು ಎಲ್ಲವನ್ನೂ ಮುಚ್ಚುವುದು ಗರಿಷ್ಠ ಮಿತಿ. ನಡುವೆ ಆಯಾ ಸಮಾಜದ ರೂಢಿಯಂತೆ ನಡೆಯಬಹುದು. ಇದು ಅವರ ಸಿದ್ಧಾಂತ. ಓದುಗರಿಗೆ ಮುಜುಗರವಾಗಬಹುದು. ಆದರೆ ಎದುರಾಳಿಯ ಮಾತನ್ನು ಅರ್ಧ ಹೇಳಿ ಉತ್ತರಿಸುವುದು ನ್ಯಾಯವಲ್ಲ.

ಈಗ ಅವರದೇ ನಿಯಮದಂತೆ ಸೂಕ್ತಗಳನ್ನು ಸಾಲಾಗಿ ಇರಿಸೋಣ. ಝೀನತ್ ಎಂಬ ನಾಮಪದ ಪವಿತ್ರ ಕುರ್‌ಆನಿನಲ್ಲಿ ಒಟ್ಟು 19 ಬಾರಿ ಬಂದಿದೆ. ಅದರಲ್ಲಿ 3 ಬಾರಿ ಇದೇ 24:31ರಲ್ಲಿ. ಚರ್ಚೆಗೆ ಒಳಗಾಗಿರುವ ಈ ಮೂರನ್ನು ಬದಿಗಿಟ್ಟರೆ ಉಳಿಯುವುದು 16.

ಸೂರಃ ತ್ವಾಹಾದಲ್ಲಿ ಮೂಸಾ(ಅ) ಮತ್ತು ಫಿರ್‌ಔನನ ಮಾಂತ್ರಿಕರ ಮುಖಾಮುಖಿಗೆ ಗೊತ್ತಾದ ದಿನದ ಹೆಸರು ಝೀನತ್‌ನ ದಿನ. ಜನರು ಸಿಂಗರಿಸಿಕೊಂಡು ನೆರೆಯುವ ಹಬ್ಬ. ಅದೇ ಅಧ್ಯಾಯದ 87ನೆಯ ಸೂಕ್ತದಲ್ಲಿ ಇಸ್ರಾಈಲರು ಹೊತ್ತು ತಂದ ‘ಜನಾಂಗದ ಝೀನತ್’ ಈಜಿಪ್ಟಿನವರ ಒಡವೆಗಳು; ಬೆಂಕಿಗೆ ಬಿದ್ದು ಕರುವಿನ ವಿಗ್ರಹವಾದದ್ದು ಅವೇ. ಸೂರಃ ಅಲ್‌ಕಸಸ್‌ನಲ್ಲಿ ಕಾರೂನನು ತನ್ನ ಝೀನತ್‌ನೊಂದಿಗೆ ಜನರ ಮುಂದೆ ಹೊರಟಾಗ ನೋಡಿದವರು ಬಾಯಿ ಚಪ್ಪರಿಸಿದ್ದು ಅವನ ಮೈಕಟ್ಟನ್ನು ಕಂಡಲ್ಲ, ಅವನ ವೈಭವವನ್ನು ಕಂಡು. ಸೂರಃ ಯೂನುಸ್‌ನಲ್ಲಿ ಫಿರ್‌ಔನನಿಗೂ ಅವನ ಮುಖಂಡರಿಗೂ ಕೊಡಲಾದದ್ದು ಝೀನತ್ ಮತ್ತು ಸಂಪತ್ತು. ಸೂರಃ ಅನ್ನಹ್ಲ್‌ನಲ್ಲಿ ಕುದುರೆ, ಹೇಸರಗತ್ತೆ, ಕತ್ತೆಗಳು ಸವಾರಿಗೂ ಹೌದು, ಝೀನತ್‌ಗೂ ಹೌದು. ಸೂರಃ ಅಲ್‌ಕಹ್ಫ್‌ನಲ್ಲಿ ಭೂಮಿಯ ಮೇಲಿರುವುದೆಲ್ಲ ಭೂಮಿಗೆ ಝೀನತ್. ಧನ ಮತ್ತು ಸಂತಾನ ಇಹಜೀವನಕ್ಕೆ ಝೀನತ್. ಸೂರಃ ಅಸ್ಸಾಫ್ಫಾತ್‌ನಲ್ಲಿ ನಕ್ಷತ್ರಗಳು ಸಮೀಪದ ಆಕಾಶಕ್ಕೆ ಝೀನತ್.

ಭೂಮಿಯ ಝೀನತ್ ಭೂಮಿಯೇ ಅಲ್ಲ, ಅದರ ಮೇಲಿರುವುದು. ಆಕಾಶದ ಝೀನತ್ ಆಕಾಶವಲ್ಲ, ನಕ್ಷತ್ರ. ಕಾರೂನನ ಝೀನತ್ ಕಾರೂನನಲ್ಲ. ಯಾವುದಕ್ಕೆ ಸೊಬಗು ಬರುತ್ತದೆಯೋ ಅದು ಬೇರೆ, ಸೊಬಗು ತರುವುದು ಬೇರೆ. 16 ಕಡೆಗಳಲ್ಲಿ ಒಂದೇ ಒಂದು ಕಡೆಯಲ್ಲೂ ಅಲಂಕೃತವಾದ ವಸ್ತುವಿಗೇ ಝೀನತ್ ಎಂಬ ಹೆಸರು ಬಂದಿಲ್ಲ. ಹಾಗಿರುವಾಗ ‘ಅವರ ಝೀನತ್’ ಎಂಬ ಮಾತು ಸ್ತ್ರೀಯರ ಸಂಬಂಧದಲ್ಲಿ ಬಂದ ಕೂಡಲೇ ಸ್ತ್ರೀಯರ ದೇಹವೇ ಆಗಿಬಿಡುವುದು ಯಾವ ನ್ಯಾಯದಿಂದ?

ಕನ್ನಡ ಪದವಿ ತರಗತಿಯಲ್ಲಿ ಭಾರತೀಯ ಕಾವ್ಯಮೀಮಾಂಸೆಯನ್ನು ಓದಿದವರಿಗೆ ಇಲ್ಲಿ ಒಂದು ಹಳೆಯ ಚರ್ಚೆ ನೆನಪಾದೀತು. ಅಲಂಕಾರ ಬೇರೆ, ಅಲಂಕಾರ್ಯ ಬೇರೆ ಎಂಬ ಭೇದವನ್ನು ಕಾಶ್ಮೀರದ ಕುಂತಕನು ಪಟ್ಟುಹಿಡಿದು ಸಾಧಿಸಿದ. ವಸ್ತುವಿನ ಸಹಜ ಸ್ವಭಾವದ ವರ್ಣನೆಯನ್ನೇ ಒಂದು ಅಲಂಕಾರವೆಂದು ಎಣಿಸುತ್ತಿದ್ದವರಿಗೆ ಅವನು ಹಾಕಿದ ಪ್ರಶ್ನೆ ಇದು: ಶರೀರವೇ ಅಲಂಕಾರವಾದರೆ ಅದು ಅಲಂಕರಿಸುವುದು ಯಾವುದನ್ನು? ತನ್ನ ಹೆಗಲನ್ನು ತಾನೇ ಏರಿ ಕುಳಿತುಕೊಳ್ಳಬಲ್ಲವನು ಇದ್ದಾನೆಯೇ? ಕುಂತಕನಿಗೆ ಕುರ್‌ಆನ್ ಗೊತ್ತಿರಲಿಲ್ಲ, ಶಹ್ರೂರ್‌ಗೆ ಕುಂತಕ ಗೊತ್ತಿರಲಾರ. ಆದರೆ ಪ್ರಶ್ನೆ ನೇರವಾಗಿ ಶಹ್ರೂರ್ ಮೇಲೆಯೇ ಬಂದು ಬೀಳುತ್ತದೆ. (ಝೀನತ್ ಎಂಬುದನ್ನು ಕನ್ನಡದಲ್ಲಿ ‘ಸೌಂದರ್ಯ’ ಎಂದು ಅನುವಾದಿಸುವವರು ಈ ಗೊಂದಲಕ್ಕೆ ಅರಿಯದೆಯೇ ಬಾಗಿಲು ತೆರೆಯುತ್ತಾರೆ. ‘ಅಲಂಕಾರ’ ಅಥವಾ ‘ಸಿಂಗಾರ’ ಎಂದರೆ ಮೂಲಕ್ಕೆ ಹತ್ತಿರ.)

ಎಲ್ಲಕ್ಕಿಂತ ಬಲವಾದ ಸಾಕ್ಷ್ಯ ಸೂರಃ ಅಲ್‌ಅಅ್‌ರಾಫ್‌ನಲ್ಲಿದೆ. ಅದರ 31ನೆಯ ಸೂಕ್ತವು ಆದಮರ ಸಂತತಿಯನ್ನು ಕರೆದು, ಪ್ರತಿಯೊಂದು ಆರಾಧನಾ ಸ್ಥಳದಲ್ಲಿಯೂ ನಿಮ್ಮ ಝೀನತ್ತನ್ನು ಧರಿಸಿಕೊಳ್ಳಿರಿ ಎನ್ನುತ್ತದೆ. ಇದರ ಹಿನ್ನೆಲೆಯನ್ನು ಇಬ್ನು ಅಬ್ಬಾಸ್(ರ) ವಿವರಿಸಿದ್ದು ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾಗಿದೆ: ಅಜ್ಞಾನಕಾಲದಲ್ಲಿ ಕಅಬಾಲಯಕ್ಕೆ ಬೆತ್ತಲೆಯಾಗಿ ಪ್ರದಕ್ಷಿಣೆ ಬರುವ ಪದ್ಧತಿಯಿತ್ತು, ಹೆಂಗಸರೂ ಅದಕ್ಕೆ ಹೊರತಾಗಿರಲಿಲ್ಲ. ಆ ಪದ್ಧತಿಯನ್ನು ತೊಡೆದುಹಾಕಲು ಈ ಸೂಕ್ತ ಅವತೀರ್ಣವಾಯಿತು. ಉಡುಪನ್ನು ತೊಡಿರಿ ಎನ್ನಲು ಅಲ್ಲಾಹನು ಆರಿಸಿದ ಪದ ಯಾವುದು? ಝೀನತ್. ಅಂದರೆ ದಿವ್ಯವಾಣಿಯಲ್ಲಿ ಈ ಪದ ಬೆತ್ತಲೆತನಕ್ಕೆ ಎದುರಾಗಿ ನಿಂತಿದೆ. ಬೆತ್ತಲೆತನವನ್ನು ನೀಗಿಸಲು ಬಂದ ಪದವನ್ನೇ ಬೆತ್ತಲೆ ದೇಹದ ಹೆಸರನ್ನಾಗಿ ಮಾಡಿದ್ದು ಶಹ್ರೂರ್ ಅವರ ‘ಸಮಕಾಲೀನ ಓದು’.

ಇಲ್ಲಿ ವಿದ್ಯಾವಂತ ಓದುಗರೊಬ್ಬರು ನನ್ನನ್ನು ತಡೆಯಬಹುದು. ಹಿಂದಿನ ಇಮಾಮರೂ ಝೀನತ್ತಿನಲ್ಲಿ ದೇಹವನ್ನು ಸೇರಿಸಿಲ್ಲವೇ? ಸೇರಿಸಿದ್ದಾರೆ, ಮುಚ್ಚಿಡುವ ಅಗತ್ಯವಿಲ್ಲ. ಇಮಾಮ್ ಕುರ್ತುಬಿಯವರು ಝೀನತ್ತನ್ನು ಹುಟ್ಟಿನಿಂದ ಬಂದದ್ದು, ಗಳಿಸಿಕೊಂಡದ್ದು ಎಂದು ವಿಂಗಡಿಸಿ, ಮುಖವನ್ನು ಮೊದಲನೆಯದರಲ್ಲಿಯೂ ವಸ್ತ್ರ, ಒಡವೆ, ಸುರ್ಮಾ, ಮದರಂಗಿಗಳನ್ನು ಎರಡನೆಯದರಲ್ಲಿಯೂ ಇಟ್ಟರು. ಪದಕೋಶಕಾರ ರಾಗಿಬ್ ಅಲ್‌ಇಸ್ಫಹಾನಿಯವರು ಆತ್ಮದ ಝೀನತ್, ದೇಹದ ಝೀನತ್, ಹೊರಗಿನ ಝೀನತ್ ಎಂದು ಮೂರು ಬಗೆ ಹೇಳಿ, ಜ್ಞಾನವನ್ನು ಮೊದಲನೆಯದಕ್ಕೂ ಬಲ ಮತ್ತು ಎತ್ತರದ ನಿಲುವನ್ನು ಎರಡನೆಯದಕ್ಕೂ ಉದಾಹರಿಸಿದರು. ಆದರೆ ಬಲವೂ ನಿಲುವೂ ದೇಹದ ಗುಣಗಳು. ತಲೆ, ಬೆನ್ನು, ಹೊಟ್ಟೆ ಎಂಬ ಅಂಗಗಳ ಪಟ್ಟಿಯಲ್ಲ. ಕುರ್ತುಬಿಯವರು ಒಡವೆಯನ್ನು ಉಳಿಸಿಕೊಂಡು ಅದರ ಜೊತೆಗೆ ಸಹಜ ಚೆಲುವನ್ನು ಸೇರಿಸಿದರು. ಶಹ್ರೂರ್ ಒಡವೆ ಉಡುಪುಗಳನ್ನು ಈ ಸೂಕ್ತದಿಂದ ಹೊರಗಟ್ಟಿ ಆ ಜಾಗದಲ್ಲಿ ದೇಹವನ್ನು ಕೂರಿಸಿದರು. ಅವರದು ವಿಸ್ತರಣೆ, ಇವರದು ಸ್ಥಾನಪಲ್ಲಟ.

ಒಡವೆ ಎಂದಾಗ ಒಡವೆ ತೊಡುವ ಅಂಗವೂ ಏಕೆ ಒಳಪಡುತ್ತದೆ ಎಂಬುದನ್ನು ಝಮಖ್ಶರೀ ಸೊಗಸಾಗಿ ತಿಳಿಸಿದ್ದಾರೆ. ಅಂಗಗಳ ಹೆಸರನ್ನೇ ಎತ್ತದೆ, ಅವುಗಳ ಮೇಲಿನ ಅಲಂಕಾರವನ್ನು ಮಾತ್ರ ಹೆಸರಿಸಿದ್ದು ಮರೆಮಾಡುವ ಆದೇಶಕ್ಕೆ ಹೆಚ್ಚಿನ ಒತ್ತು ಕೊಡಲಿಕ್ಕಾಗಿ. ಮೈಮೇಲಿರುವ ಅಲಂಕಾರವನ್ನೇ ತೋರಿಸಬಾರದೆಂದ ಮೇಲೆ ಅದು ಇರುವ ಅಂಗದ ಮಾತನ್ನು ಬೇರೆ ಹೇಳಬೇಕೇ? ನಮ್ಮ ಅಲಂಕಾರಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಇದು ಲಕ್ಷಣಾವೃತ್ತಿ. ಮಾತಿನ ಈ ನಯವನ್ನು ಕಾಣಲು ಗಣಿತದ ಮಿತಿಗಳು ಸಾಲವು.

‘ಪ್ರಕಟವಾಗುವುದರ ಹೊರತು’ ಎಂಬ ಅಪವಾದದ ಬಗ್ಗೆ ಸಹಾಬಿಗಳಲ್ಲಿಯೇ ಎರಡು ಅಭಿಪ್ರಾಯಗಳಿದ್ದವು. ಇಬ್ನು ಮಸ್‌ಊದ್(ರ) ಅದನ್ನು ಮೇಲುಡುಪು ಎಂದರು. ಇಬ್ನು ಅಬ್ಬಾಸ್‌ರಿಂದ(ರ) ಬಂದ ವರದಿಗಳಲ್ಲಿ ಸುರ್ಮಾ ಮತ್ತು ಉಂಗುರ, ಅರ್ಥಾತ್ ಮುಖ ಮತ್ತು ಕೈಗಳು ಎಂದಿದೆ; ಇಮಾಮ್ ತಬರಿಯವರು ಒಲಿದದ್ದು ಇದರ ಕಡೆಗೆ. ಮುಖವನ್ನು ಮುಚ್ಚಬೇಕೇ ಬೇಡವೇ ಎಂಬ ಭಿನ್ನಾಭಿಪ್ರಾಯ ಹುಟ್ಟಿದ್ದು ಇಲ್ಲಿಂದ. ಅದು ವಿದ್ವಾಂಸರೊಳಗಿನ ಗೌರವಯುತ ಭಿನ್ನಾಭಿಪ್ರಾಯ. ಎರಡೂ ಕಡೆಯವರಿಗೆ ಪ್ರಮಾಣಗಳಿವೆ. ಆದರೆ ಗಮನಿಸಿರಿ, ಇಬ್ಬರು ಸಹಾಬಿಗಳ ಉತ್ತರವೂ ಆರಂಭವಾಗುವುದು ಧರಿಸುವ ವಸ್ತುವಿನಿಂದ. ಒಬ್ಬರಿಗೆ ವಸ್ತ್ರ, ಇನ್ನೊಬ್ಬರಿಗೆ ಸುರ್ಮಾ, ಉಂಗುರ. ಹೊಟ್ಟೆ, ಬೆನ್ನು, ತೊಡೆಗಳು ಸೃಷ್ಟಿಯಿಂದಲೇ ಪ್ರಕಟ ಎಂಬ ಮೂರನೆಯ ಅಭಿಪ್ರಾಯ ಅವರಲ್ಲಿ ಯಾರಿಗೂ ಹೊಳೆಯಲಿಲ್ಲ. ಅವರ ಮಾತೃಭಾಷೆ ಅರಬಿಯಾಗಿತ್ತು.

ಇನ್ನು ಜೈಬ್. ಅರಬಿ ಬಾರದ ಕನ್ನಡಿಗನೂ ಈ ಪದವನ್ನು ದಿನಕ್ಕೆ ಹತ್ತು ಸಲ ಬಳಸುತ್ತಾನೆ. ನಮ್ಮ ‘ಜೇಬು’ ಬಂದದ್ದು ಅಲ್ಲಿಂದಲೇ, ಉರ್ದುವಿನ ದಾರಿಯಾಗಿ. ಅರಬಿಯಲ್ಲಿ ಅದರ ಮೂಲಾರ್ಥ ಅಂಗಿಯ ಕೊರಳು ಮತ್ತು ಎದೆಯ ಬಳಿಯ ಸೀಳು. ಪವಿತ್ರ ಕುರ್‌ಆನಿನಲ್ಲಿ ಈ ಪದ ಬಂದಿರುವುದು ಮೂರೇ ಕಡೆ. ಒಂದು ನಾವು ಚರ್ಚಿಸುತ್ತಿರುವ ಸೂಕ್ತ. ಉಳಿದೆರಡು 27:12 ಮತ್ತು 28:32. ಎರಡರಲ್ಲಿಯೂ ಅಲ್ಲಾಹನು ಮೂಸಾ(ಅ) ಅವರಿಗೆ, ನಿಮ್ಮ ಕೈಯನ್ನು ನಿಮ್ಮ ಜೈಬ್‌ನೊಳಗೆ ಇರಿಸಿರಿ, ಅದು ಬೆಳ್ಳಗೆ ಹೊಳೆಯುತ್ತಾ ಹೊರಬರುವುದು ಎಂದು ಹೇಳುತ್ತಾನೆ. ಎಲ್ಲ ಸೂಕ್ತಗಳನ್ನು ಸಾಲಾಗಿ ಇರಿಸಿ ಓದಬೇಕೆಂದವರು ಈ ಎರಡನ್ನು ಪಕ್ಕದಲ್ಲಿ ಇರಿಸಿ ಓದಿದ್ದರೆ ಸಾಕಿತ್ತು. ಪ್ರವಾದಿ ಮೂಸಾರ ಜೈಬ್ ಅಂಗಿಯ ಎದೆಸೀಳಾದರೆ ಸತ್ಯವಿಶ್ವಾಸಿನಿಯರ ಜೈಬ್ ಕಂಕುಳು, ಪೃಷ್ಠಗಳಾಗುವುದು ಹೇಗೆ? ಒಂದು ಪದಕ್ಕೆ ಒಂದೇ ಅರ್ಥ ಎಂದು ಪ್ರತಿಜ್ಞೆ ಮಾಡಿದವರ ಕೈಯಲ್ಲಿ ಈ ಪದಕ್ಕೆ ಗಂಡಸಿಗೊಂದು, ಹೆಂಗಸಿಗೊಂದು ಅರ್ಥ ಬಂದಿತು.

ಖಿಮಾರ್ ಎಂದರೆ ಮುಚ್ಚುವ ಯಾವುದಾದರೊಂದು ಬಟ್ಟೆ, ಅದು ತಲೆಯದೇ ಆಗಬೇಕಿಲ್ಲ ಎಂಬುದು ಅವರ ಮತ್ತೊಂದು ವಾದ. ಧಾತುವಿನ ಅರ್ಥ ಮುಚ್ಚುವುದು ಎಂಬುದು ನಿಜ. ಆದರೆ ಪದದ ಅರ್ಥ ಧಾತುವಿನಲ್ಲಿ ಮಾತ್ರ ಇರುವುದಿಲ್ಲ, ಬಳಕೆಯಲ್ಲಿ ಇರುತ್ತದೆ. ಪಂಕದಲ್ಲಿ ಹುಟ್ಟಿದ್ದೆಲ್ಲ ಪಂಕಜವಾದರೆ ಕಪ್ಪೆಯೂ ಪಂಕಜವೇ. ಪ್ರವಾದಿವರ್ಯರು(ಸ) ವುಝೂ ಮಾಡುವಾಗ ಪಾದರಕ್ಷೆಯ ಮೇಲೂ ಖಿಮಾರ್‌ನ ಮೇಲೂ ಒದ್ದೆ ಕೈ ಸವರಿದರೆಂದು ಬಿಲಾಲ್(ರ) ವರದಿ ಮಾಡಿದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ. ಅಲ್ಲಿ ಖಿಮಾರ್ ಎಂದರೆ ಪೇಟ. ಗಂಡಸಿನ ವಿಷಯದಲ್ಲಿಯೂ ಅದು ತಲೆಯ ಮೇಲಿರುವುದೇ. ಈ ಸೂಕ್ತ ಅವತೀರ್ಣವಾದಾಗ ಮೊದಲ ಮುಹಾಜಿರ್ ಮಹಿಳೆಯರು ತಮ್ಮ ದಪ್ಪ ಹೊದಿಕೆಗಳನ್ನು ಹರಿದು ಖಿಮಾರ್ ಮಾಡಿಕೊಂಡರೆಂದು ಆಇಶಾ(ರ) ಅಭಿಮಾನದಿಂದ ನೆನೆದದ್ದು ಸಹೀಹ್ ಬುಖಾರಿಯಲ್ಲಿದೆ. ಆದೇಶವನ್ನು ಮೊದಲು ಕೇಳಿಸಿಕೊಂಡವರು ಅರ್ಥಮಾಡಿಕೊಂಡ ಬಗೆ ಇದು.

ಸೂಕ್ತದ ಕೊನೆಯ ಭಾಗದಲ್ಲಿ, ಮರೆಮಾಡಿದ ಝೀನತ್ ತಿಳಿದುಬರುವಂತೆ ಕಾಲುಗಳನ್ನು ಅಪ್ಪಳಿಸಿ ನಡೆಯಬಾರದು ಎಂದಿದೆ. ಇದಕ್ಕೆ ತಫ್ಸೀರ್ ಬೇಕೇ? ಕಾಲ್ಗೆಜ್ಜೆ ತೊಟ್ಟ ಪುಟ್ಟ ಹುಡುಗಿ ಮನೆಯೊಳಗೆ ಓಡಾಡುವುದನ್ನು ಕೇಳಿದವರಿಗೆಲ್ಲ ಗೊತ್ತು. ಬಟ್ಟೆಯೊಳಗಿದ್ದು ಕಣ್ಣಿಗೆ ಕಾಣದಿದ್ದರೂ ಕಿವಿಗೆ ತಿಳಿಯುವಂಥದ್ದು ಅಂಗವಲ್ಲ, ಒಡವೆ. ಇಡೀ ಸೂಕ್ತದಲ್ಲಿ ಝೀನತ್ ಎಂದರೇನು ಎಂಬುದಕ್ಕೆ ಸೂಕ್ತವೇ ಕೊಟ್ಟ ಸಾಕ್ಷ್ಯ ಇದು. ಶಹ್ರೂರ್ ಇದನ್ನು ದಾಟಿದ ರೀತಿ ಸೋಜಿಗದ್ದು. ಕಾಲು ಅಪ್ಪಳಿಸುವುದು ಎಂದರೆ ದುಡಿಮೆ. ಬೆತ್ತಲೆ ನೃತ್ಯ ಮತ್ತು ವೇಶ್ಯಾವೃತ್ತಿಯಂತಹ, ಗುಪ್ತಭಾಗಗಳನ್ನು ತೋರಿಸುವ ಉದ್ಯೋಗಗಳನ್ನು ಇಲ್ಲಿ ನಿಷೇಧಿಸಲಾಗಿದೆ ಎಂದರು. ಗೆಜ್ಜೆಯ ಸದ್ದನ್ನು ಕೇಳಿಸಿಕೊಳ್ಳಲು ಒಪ್ಪದ ಕಿವಿ ಎಷ್ಟು ದೂರ ಹೋಗಬೇಕಾಯಿತು ನೋಡಿರಿ.

ಅದಕ್ಕಿಂತ ಘೋರವಾದ ತೊಡಕು ಸೂಕ್ತದ ನಡುಭಾಗದಲ್ಲಿದೆ. ಯಾರ ಮುಂದೆ ಝೀನತ್ ಪ್ರಕಟಿಸಬಹುದು ಎಂಬ ಪಟ್ಟಿ ಅಲ್ಲಿದೆ: ಪತಿ, ತಂದೆ, ಮಾವ, ಪುತ್ರರು, ಪತಿಯ ಪುತ್ರರು, ಸಹೋದರರು, ಸಹೋದರ ಸಹೋದರಿಯರ ಪುತ್ರರು ಮೊದಲಾದವರು. ಝೀನತ್ ಎಂದರೆ ಒಡವೆ, ಉಡುಪು, ಅವು ಇರುವ ಕೊರಳು, ಕೈ, ಕೂದಲು ಎಂದಾದರೆ ಈ ಪಟ್ಟಿ ನಮ್ಮ ಮನೆಗಳ ನಿತ್ಯಜೀವನವೇ. ಸೊಸೆ ಮಾವನ ಎದುರು ಬಳೆ ತೊಟ್ಟ ಕೈಯಲ್ಲಿ ಊಟ ಬಡಿಸುತ್ತಾಳೆ. ಆದರೆ ಅಡಗಿದ ಝೀನತ್ ಎಂದರೆ ಗುಪ್ತಾಂಗಗಳೇ ಎಂದಾದರೆ ಈ ಪಟ್ಟಿಯ ಅರ್ಥವೇನಾಗುತ್ತದೆ? ಬರೆಯಲು ಲೇಖನಿ ಹಿಂಜರಿಯುತ್ತದೆ. ಶಹ್ರೂರ್ ಹಿಂಜರಿಯಲಿಲ್ಲ. ಪಟ್ಟಿಯಲ್ಲಿರುವ ಪುರುಷರ ಮುಂದೆ ಹಾಗೆ ಕಾಣಿಸಿಕೊಳ್ಳುವುದು ಧರ್ಮದ ದೃಷ್ಟಿಯಲ್ಲಿ ಹರಾಮ್ ಅಲ್ಲ, ಲೋಕದ ದೃಷ್ಟಿಯಲ್ಲಿ ನಾಚಿಕೆಗೇಡು ಮಾತ್ರ ಎಂಬ ತೀರ್ಮಾನಕ್ಕೆ ಬಂದರು. ತರ್ಕಕ್ಕೆ ನಿಷ್ಠರಾಗಿದ್ದರೆಂದು ಹೊಗಳುವವರು ಹೊಗಳಲಿ. ತರ್ಕವು ಇಂಥಲ್ಲಿಗೆ ತಂದು ನಿಲ್ಲಿಸಿದಾಗ ವಿವೇಕಿಯಾದವನು ಹಿಂದಿರುಗಿ, ಮೊದಲ ಹೆಜ್ಜೆ ಎಲ್ಲಿ ತಪ್ಪಿತೆಂದು ನೋಡುತ್ತಾನೆ.

ಆಧುನಿಕರೆಲ್ಲ ಹೀಗೆಯೇ ಎಂದು ನಾನು ಹೇಳುತ್ತಿಲ್ಲ. 1980ರಲ್ಲಿ ಪೂರ್ಣರೂಪದಲ್ಲಿ ಪ್ರಕಟವಾದ ಮುಹಮ್ಮದ್ ಅಸದ್‌ರ ಇಂಗ್ಲಿಷ್ ವ್ಯಾಖ್ಯಾನವು, ‘ಪ್ರಕಟವಾಗುವುದರ ಹೊರತು’ ಎಂಬುದನ್ನು ಆಯಾ ಕಾಲದ ಸಭ್ಯ ರೂಢಿಗೆ ಬಿಟ್ಟುಕೊಡುತ್ತದೆ. ಅದಕ್ಕೆ ಇಮಾಮ್ ರಾಝಿಯವರು ಉಲ್ಲೇಖಿಸಿದ ಕಫ್ಫಾಲ್‌ರ ಮಾತನ್ನು ಆಧಾರವಾಗಿ ಕೊಡುತ್ತದೆ. ಅದನ್ನು ನಾನು ಒಪ್ಪುವುದಿಲ್ಲ, ರೂಢಿಗೆ ಅಷ್ಟು ಅಧಿಕಾರ ಕೊಟ್ಟರೆ ಆದೇಶಕ್ಕೆ ಉಳಿಯುವುದು ಅಲ್ಪ. ಆದರೆ ಅಸದ್ ಖಿಮಾರನ್ನು ತಲೆವಸ್ತ್ರವಲ್ಲ ಎನ್ನಲಿಲ್ಲ, ಜೈಬನ್ನು ಅಂಗಿಯಿಂದ ಕಿತ್ತು ದೇಹಕ್ಕೆ ಅಂಟಿಸಲಿಲ್ಲ. ಪದದ ಅರ್ಥವನ್ನು ಕಾಪಾಡಿಕೊಂಡು ಅದರ ಅನ್ವಯದಲ್ಲಿ ಭಿನ್ನವಾಗುವವರೊಂದಿಗೆ ಚರ್ಚಿಸಬಹುದು. ಪದವನ್ನೇ ಬದಲಿಸುವವರೊಂದಿಗೆ ಚರ್ಚಿಸಲು ನಡುವೆ ಯಾವ ಭಾಷೆ ಉಳಿಯುತ್ತದೆ?

ಇದೆಲ್ಲ ದೂರದ ದಮಸ್ಕಸ್‌ನ ಪಂಡಿತರ ಜಗಳವೆಂದು ಯಾರೂ ಭಾವಿಸಬಾರದು. 2022ರ ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟ್, ಅಬ್ದುಲ್ಲಾ ಯೂಸುಫ್ ಅಲಿಯವರ ಇಂಗ್ಲಿಷ್ ಅನುವಾದ ಮತ್ತು ಟಿಪ್ಪಣಿಗಳನ್ನು ಆಧಾರವಾಗಿ ತೆಗೆದುಕೊಂಡು, ಶಿರವಸ್ತ್ರ ಧರಿಸುವುದು ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ ಎಂದು ತೀರ್ಪಿತ್ತಿತು. ಅದೇ ವರ್ಷದ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಪರಸ್ಪರ ಭಿನ್ನವಾದ ತೀರ್ಪುಗಳನ್ನು ನೀಡಿದರು. ಕಾನೂನಿನ ಚರ್ಚೆ ಇಲ್ಲಿ ನನ್ನ ವಿಷಯವಲ್ಲ. ಸೂರಃ ಅನ್ನೂರ್‌ನ ಒಂದೆರಡು ಪದಗಳ ಅರ್ಥದ ಮೇಲೆ ನಮ್ಮ ಹೆಣ್ಣುಮಕ್ಕಳು ತರಗತಿಯೊಳಗೆ ಕೂರುವುದೋ ಹೊರಗೆ ನಿಲ್ಲುವುದೋ ಎಂಬುದು ಚರ್ಚೆಗೆ ಬಂದ ಆ ದಿನಗಳಲ್ಲಿ, ಆ ಪದಗಳನ್ನು ತಿಳಿಸಿ ಹೇಳಬಲ್ಲ ಎಷ್ಟು ಮಂದಿ ನಮ್ಮ ಮೊಹಲ್ಲಾಗಳಲ್ಲಿದ್ದರು? ಕ್ಯಾಮೆರಾದ ಮುಂದೆ ಆವೇಶದಿಂದ ಮಾತನಾಡಿದವರು ಬಹಳ. ಖಿಮಾರ್‌ಗೂ ಜಿಲ್‌ಬಾಬ್‌ಗೂ ಇರುವ ವ್ಯತ್ಯಾಸ ಹೇಳಬಲ್ಲವರು ವಿರಳ.

ಈ ವಿರಳತೆಗೆ ಕಾರಣ ಶಹ್ರೂರ್ ಅಲ್ಲ, ನಾವು. ಝೀನತ್ ಎಂಬ ಪದವನ್ನು ಅವರು ಒಂದು ಕಡೆಗೆ ಎಳೆದರೆ ನಮ್ಮ ವೇದಿಕೆಗಳು ಇನ್ನೊಂದು ಕಡೆಗೆ ಎಳೆದಿವೆ. ನಮ್ಮ ಪ್ರವಚನಗಳಲ್ಲಿ ಝೀನತ್ ಎಂದರೆ ಹೆಣ್ಣು, ಹೆಣ್ಣೆಂದರೆ ಫಿತ್ನಾ. ವಿಷಯ ಅಲ್ಲಿಗೆ ಮುಗಿಯಿತು. 19ರಲ್ಲಿ 15 ಬಾರಿ ಈ ಪದಕ್ಕೆ ಮಹಿಳೆಯ ಉಡುಪಿನೊಂದಿಗೆ ಸಂಬಂಧವೇ ಇಲ್ಲ ಎಂಬುದನ್ನು ಯಾರು ಹೇಳುತ್ತಾರೆ? ಸೂರಃ ಅಲ್‌ಅಅ್‌ರಾಫ್‌ನ 32ನೆಯ ಸೂಕ್ತವು, ಅಲ್ಲಾಹನು ತನ್ನ ದಾಸರಿಗಾಗಿ ಹೊರತಂದ ಝೀನತ್ತನ್ನು ನಿಷಿದ್ಧಗೊಳಿಸಿದವರು ಯಾರು ಎಂದು ಸವಾಲು ಹಾಕುತ್ತದೆ. ಖವಾರಿಜರೊಂದಿಗೆ ಸಂವಾದಕ್ಕೆ ಹೊರಟ ಇಬ್ನು ಅಬ್ಬಾಸ್(ರ) ಯಮನಿನ ಅತ್ಯುತ್ತಮ ಉಡುಪನ್ನು ಧರಿಸಿ ಹೋದರು. ಅವರು ಆಕ್ಷೇಪಿಸಿದಾಗ ಇದೇ ಸೂಕ್ತವನ್ನು ಓದಿದರು. ಪತ್ನಿಯು ತನಗಾಗಿ ಅಲಂಕರಿಸಿಕೊಳ್ಳುವುದು ಇಷ್ಟವಾದಂತೆಯೇ ತಾನೂ ಅವಳಿಗಾಗಿ ಅಲಂಕರಿಸಿಕೊಳ್ಳಬಯಸುವುದಾಗಿ ಹೇಳಿದವರೂ ಅವರೇ. ಮದುವೆಗೆ ಮುನ್ನ ಹೆಣ್ಣುಮಕ್ಕಳಿಗೆ ಉಪದೇಶಿಸುವ ನಾವು ಈ ಮಾತನ್ನು ಮದುಮಗನ ಕಿವಿಗೆ ಹಾಕಿದ್ದುಂಟೇ?

ಕಾರೂನನ ಝೀನತ್ ಎಂದು ಓದಿದಾಗ ನನಗೆ ನೆನಪಾಗುವುದು ನಮ್ಮ ಶಾದಿಮಹಲ್‌ಗಳು. ಇಷ್ಟು ಪವನ್ ಚಿನ್ನವಿಲ್ಲದೆ ನಿಕಾಹ್ ನಡೆಯದು ಎಂಬ ಸ್ಥಿತಿಯನ್ನು ತಂದಿಟ್ಟವರು ಯಾವ ಆಧುನಿಕ ವ್ಯಾಖ್ಯಾನಕಾರರೂ ಅಲ್ಲ. ಮಗಳ ತಲೆಯ ಮೇಲೆ ಶಾಲು ಸರಿಯಾಗಿದೆಯೇ ಎಂದು ನೂರು ಸಲ ನೋಡುವ ಮನೆತನಗಳು, ಸಾಲ ಮಾಡಿ ತಂದ ಆಭರಣವನ್ನು ಅವಳ ಮೇಲೆ ಹೇರಿ, ಸಾವಿರ ಜನರ ಮುಂದೆ ವೇದಿಕೆಯಲ್ಲಿ ಕೂರಿಸಿ ಛಾಯಾಚಿತ್ರ ತೆಗೆಸುತ್ತವೆ. ಅದು ಝೀನತ್ ಅಲ್ಲವೇ? 24:31ರ ಕಾಲ್ಗೆಜ್ಜೆಯ ಮಾತು ಆ ವೇದಿಕೆಗೆ ಅನ್ವಯಿಸುವುದಿಲ್ಲವೇ? ಇಂತಹ ಅಪೂರ್ಣ ಓದನ್ನು ಮನೆಯಲ್ಲಿ ಕಂಡ ಮಗಳಿಗೆ ಶಹ್ರೂರ್ ಅವರ ಪುಸ್ತಕ ಬಿಡುಗಡೆಯಂತೆ ಕಂಡರೆ ಆಶ್ಚರ್ಯವೇನು?

ನಮ್ಮ ಮದ್ರಸಗಳಲ್ಲಿ ಸೂರಃ ಅನ್ನೂರ್‌ನ ಈ ಭಾಗವನ್ನು ಸಾಮಾನ್ಯವಾಗಿ 31ನೆಯ ಸೂಕ್ತದಿಂದ, ಅದೂ ಹೆಣ್ಣುಮಕ್ಕಳ ತರಗತಿಯಲ್ಲಿ ಮಾತ್ರ ವಿವರಿಸಲಾಗುತ್ತದೆ. ಪಾಠ 30ನೆಯ ಸೂಕ್ತದಿಂದ ಆರಂಭವಾಗಬೇಕು; ದೃಷ್ಟಿಯನ್ನು ತಗ್ಗಿಸಿ, ಶೀಲವನ್ನು ಕಾಪಾಡಿಕೊಳ್ಳಿ ಎಂಬ ಆದೇಶ ಅಲ್ಲಿ ಮೊದಲು ಬಂದಿರುವುದು ಪುರುಷರಿಗೆ. ಹುಡುಗರೂ ಹುಡುಗಿಯರೂ ತಮ್ಮ ತಮ್ಮ ತರಗತಿಗಳಲ್ಲಿ ಎರಡೂ ಸೂಕ್ತಗಳನ್ನು ಪದಪದವಾಗಿ ಕಲಿಯಲಿ. ಝೀನತ್ ಬಂದಾಗ ಉಳಿದ 16 ಸ್ಥಳಗಳನ್ನೂ, ಜೈಬ್ ಬಂದಾಗ ಮೂಸಾ(ಅ) ಅವರ ಅಂಗಿಯನ್ನೂ ತೋರಿಸಲಿ. 31ನೆಯ ಸೂಕ್ತವು ಪಶ್ಚಾತ್ತಾಪಪಟ್ಟು ಅಲ್ಲಾಹನೆಡೆಗೆ ಮರಳಿರೆಂಬ ಕರೆಯೊಂದಿಗೆ ಮುಗಿಯುತ್ತದೆ. ಅಷ್ಟರವರೆಗೆ ಸ್ತ್ರೀಯರ ಕುರಿತು ಮಾತನಾಡಿದ ಆ ಸೂಕ್ತ ಅಲ್ಲಿ ಸಂಬೋಧಿಸುವುದು ಸತ್ಯವಿಶ್ವಾಸಿಗಳೆಲ್ಲರನ್ನೂ, ಒಟ್ಟಾಗಿ.